ಹೊಗೆ ನಿಲ್ಲುವವರೆಗೆ

ಲಕ್ಕಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಜಗುಲಿ ಇಳಿಯುತ್ತಿದ್ದ. ಗಂಡನ ಹೆಣದ ತಲೆಯ ಬಳಿ ಕೂತಿದ್ದ ಅಕ್ಕ ಹುಚ್ಚಮ್ಮ ಎದ್ದು ಬಂದಳು.

“ಲಕ್ಕ, ನಿನ್ನ ಬಾಯಿ ಸರಿಯಿಲ್ಲ. ಬಾಗಿಲಲ್ಲೇ ನಿಂತು ‘ನಿಮ್ಮಪ್ಪ ಸತ್ತ’ ಅಂದ್ಬಿಡಬ್ಯಾಡ. ಇರೋದೊಬ್ಬಳೇ ಮಗಳು.”

“ಇಲ್ಲ ಕಣಕ್ಕ.”

ಜಗುಲಿಯ ಮೇಲಿದ್ದ ಪಕ್ಕದ ಮನೆಯ ಷಡಕ್ಷರಪ್ಪ, “ಬೇರೆ ಯಾರನ್ನಾದ್ರೂ ಕಳ್ಸಿದ್ರೆ ವಾಸಿಯಿತ್ತು” ಅಂದ.

“ಯಾರವ್ರೆ ಕಳ್ಸಾಕೆ? ಹೋಗ್ತಿದ್ದೋನೇ ಮಲಗವ್ನೆ” ಅಂದಳು ಹುಚ್ಚಮ್ಮ.

ಅದು ನಿಜ. ಹುಲಿಕೆರೆಯಲ್ಲಿ ಯಾರು ಸತ್ತರೂ ದೂರದ ನೆಂಟರಿಗೆ ಸುದ್ದಿ ಮುಟ್ಟಿಸುತ್ತಿದ್ದವನು ತಿಮ್ಮಯ್ಯ. ಇವತ್ತು ಅವನೇ ತೀರಿಕೊಂಡಿದ್ದ. ಮಗಳು ಅನುಸೂಯಮ್ಮ ಗೆಂಡೆಹಳ್ಳಿಯಲ್ಲಿದ್ದಳು. ಅವಳು ಬಂದ ಮೇಲೆಯೇ ಮಣ್ಣು.

*

ಹತ್ತು ವರ್ಷದ ಹಿಂದೆ ಒಮ್ಮೆ ಲಕ್ಕಪ್ಪ ಭಾವನ ಜೊತೆಗೆ ಹೋಗಿದ್ದ. ಹಳೇಬೀಡಿನ ಸಾವಿತ್ರಮ್ಮನಿಗೆ ಅವಳ ಅಣ್ಣ ತೀರಿಕೊಂಡದ್ದನ್ನು ಹೇಳಬೇಕಿತ್ತು. ತಿಮ್ಮಯ್ಯ ನೇರ ಮನೆಗೆ ಹೋಗದೆ ಎದುರಿನ ಹೊಂಗೆ ಮರದಡಿ ಕೂತುಬಿಟ್ಟ.

“ಯಾಕ್ ಭಾವ, ಕೂತ್ಬಿಟ್ಟೆ?”

“ಹೊಗೆ ನೋಡ್ಲಾ. ಇನ್ನೂ ಒಲೆ ಉರೀತೈತೆ. ಆ ಹೆಣ್ಮಗಳು ಒಂದು ತುತ್ತು ಉಣ್ಲಿ. ಆಮ್ಯಾಕೆ ಮೂರು ದಿನ ಗಂಟಲಲ್ಲಿ ಏನೂ ಇಳಿಯಾಕಿಲ್ಲ.”

“ಅಲ್ಲಿ ಹೆಣ ಕಾಯ್ತೈತಲ್ಲ?”

“ಕಾಯ್ಲಿ ಬಿಡು. ಅವಸರ ಇಲ್ದಿರೋದು ಈಗ ಅವನೊಬ್ಬನಿಗೇ.”

ಲಕ್ಕಪ್ಪನಿಗೆ ನಗು ಬಂದಿತ್ತು. ನಡೆದು ಸುಸ್ತಾಗಿದೆ, ಅದಕ್ಕೆ ನೆಪ ಹೇಳುತ್ತಾನೆ ಅಂದುಕೊಂಡಿದ್ದ.

*

ಬೇಲೂರಿನಲ್ಲಿ ಬಸ್ಸು ಬದಲಿಸಿ ಗೆಂಡೆಹಳ್ಳಿಯಲ್ಲಿ ಇಳಿದಾಗ ಹೊತ್ತು ನೆತ್ತಿಗೆ ಬರುತ್ತಿತ್ತು. ಅನುಸೂಯಮ್ಮನ ಮನೆಯ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಲಕ್ಕಪ್ಪ ಎದುರಿನ ಹುಣಸೆ ಮರದಡಿ ಕೂತ. ಜನ್ಮದಲ್ಲಿ ಯಾರ ಮನೆಯ ಮುಂದೆಯೂ ಕಾದವನಲ್ಲ ಅವನು. ಬೀದಿಯ ತುದಿಯಿಂದಲೇ ಕೂಗಿಕೊಂಡು ಒಳಗೆ ನುಗ್ಗುವ ಪೈಕಿ.

ಅನುಸೂಯಮ್ಮ ಬಾಗಿಲಿಗೆ ಬಂದು ಅವನನ್ನು ನೋಡಿದಳು. ಅವನು ನೋಡುತ್ತಿದ್ದ ಹೊಗೆಯನ್ನೂ ನೋಡಿದಳು. ಒಳಗೆ ಹೋದಳು. ಹೊಗೆ ನಿಂತ ಮೇಲೆ ಅವಳೇ ಕರೆದಳು.

“ಬನ್ನಿ ಮಾವ. ಮುದ್ದೆ ಆಗೈತೆ, ಒಟ್ಟಿಗೆ ಉಣ್ಣಾಣ. ಇವರು ಹೊಲಕ್ಕೆ ಹೋಗವ್ರೆ.”

ಎರಡು ತಟ್ಟೆ ಇಟ್ಟಿದ್ದಳು. ತಲೆಯೆತ್ತದೆ ಉಂಡಳು. ಸದ್ಯ, ಇವಳಿಗೆ ಏನೂ ಗೊತ್ತಾಗಲಿಲ್ಲ ಎಂದು ಲಕ್ಕಪ್ಪ ಉಸಿರುಬಿಟ್ಟ. ಭಾವ ಇದ್ದಿದ್ದರೆ ಭೇಷ್ ಅನ್ನುತ್ತಿದ್ದ. ಆದರೆ ತನ್ನ ಮುದ್ದೆ ಮುರಿಯಲು ಮಾತ್ರ ಅವನಿಗೆ ಕೈ ಬರಲಿಲ್ಲ.

ಅವಳು ಕೊನೆಯ ತುತ್ತು ನುಂಗಿ ತಟ್ಟೆಯಲ್ಲೇ ಕೈ ತೊಳೆದಳು.

“ಅಪ್ಪ ಎಷ್ಟೊತ್ತಿಗೆ ಹೋದ, ಮಾವ?”

ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಲಕ್ಕಪ್ಪನಿಗೆ ಮರೆತೇಹೋಯಿತು. “ಕೋಳಿ ಕೂಗೋ ಹೊತ್ತಿಗೆ” ಎಂದವನೇ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

“ಉಣ್ಣಿ. ಅಲ್ಲಿ ಇವತ್ತು ಒಲೆ ಹತ್ತಾಕಿಲ್ಲ” ಎಂದು ಅವಳು ಅವನ ಮುದ್ದೆಗೆ ಸಾರು ಬಿಡತೊಡಗಿದಳು. ಸಾರು ತಟ್ಟೆ ದಾಟಿ ನೆಲದ ಮೇಲೆ ಹರಿದರೂ ಬಿಡುತ್ತಲೇ ಇದ್ದಳು.