ಕ್ಲಚ್ಚಿಲ್ಲದ ಗಾಡಿ

ಪುಟ್ಟಸ್ವಾಮಿ ಸ್ಕೂಟರಿನಲ್ಲಿ ಬಂದಿಳಿದ ಭಾನುವಾರ ಎಲ್ಲರಿಗಿಂತ ಜೋರಾಗಿ ನಕ್ಕವಳು ಅಪರ್ಣ.

ಶ್ರೀರಂಗಪಟ್ಟಣದ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನ ಮುಂದೆ ಹತ್ತು ಬೈಕುಗಳು ಸಾಲಾಗಿ ನಿಂತಿದ್ದವು. ತಿಂಗಳಿಗೊಂದು ಭಾನುವಾರ ಈ ತಂಡ ಪಾಂಡವಪುರದ ಮೇಲೆ ನಾಗಮಂಗಲಕ್ಕೆ ಹೋಗಿ, ಅಲ್ಲಿ ತಿಂಡಿ ತಿಂದು, ಕೆ.ಆರ್. ಪೇಟೆ ಸುತ್ತಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರುತ್ತಿತ್ತು. ತಂಡದಲ್ಲಿದ್ದ ಒಬ್ಬಳೇ ಹೆಂಗಸು ಅಪರ್ಣ. ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ವಯಸ್ಸು ನಲವತ್ತೆರಡು. ಕ್ಯಾತನಹಳ್ಳಿಯ ಪುಟ್ಟಸ್ವಾಮಿ ಐವತ್ತು ದಾಟಿದ ಕಬ್ಬಿನ ರೈತ. ಮೂವತ್ತು ವರ್ಷ ಬೈಕಲ್ಲದೆ ಬೇರೆ ಗಾಡಿ ಮುಟ್ಟದಿದ್ದವನು ಅವತ್ತು ಬಂದದ್ದು ಎಮ್ಮೆಯಷ್ಟು ಅಗಲದ, ಮುಂದೆ ಎದೆಮಟ್ಟದ ಗಾಜು ಹೊತ್ತ, ಮುನ್ನೂರೈವತ್ತು ಸಿಸಿಯ ಸ್ಕೂಟರಿನಲ್ಲಿ.

"ಏನು ಪುಟ್ಟಸ್ವಾಮಣ್ಣ, ಮನೆಯವರ ಗಾಡಿ ಎತ್ಕೊಂಡು ಬಂದ್ಬಿಟ್ರಾ? ಸಂತೆಗೆ ಹೊರಟಿದ್ರೇನೋ ಪಾಪ!" ಎಂದಳು ಅಪರ್ಣ. ಗಂಡಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಮಂಡಿ ನೋವಾ ಅಣ್ಣ?" ಎಂದು ಒಬ್ಬ ಕೇಳಿದ.

"ನೋವೂ ಇಲ್ಲ ಏನೂ ಇಲ್ಲ ಕಣ್ರಪ್ಪ," ಪುಟ್ಟಸ್ವಾಮಿ ಹೆಲ್ಮೆಟ್ಟು ತೆಗೆದು ತಲೆ ಕೆರೆದುಕೊಂಡ. "ಓಡ್ಸಿ ನೋಡ್ದೆ, ಚೆಂದಾಗದೆ ಅನ್ನುಸ್ತು, ತಕಂಡೆ. ನೀವೂ ಒಂದ್ಕಿತ ಓಡ್ಸಿ ನೋಡಿ, ಆಮ್ಯಾಕೆ ನಗೀರಂತೆ."

ಯಾರೂ ಮುಟ್ಟಲಿಲ್ಲ.

ತಾನು ಯಾಕೆ ಅಷ್ಟು ಜೋರಾಗಿ ನಕ್ಕೆನೆಂದು ಅಪರ್ಣಳಿಗೆ ಗೊತ್ತಿತ್ತು. ಆರು ತಿಂಗಳಿಂದ ಬೆಳಗಾಗೆದ್ದರೆ ಅವಳ ಬೆರಳುಗಳು ಮಡಚಿಕೊಳ್ಳುತ್ತಿರಲಿಲ್ಲ, ಎಡಗೈಯವಂತೂ ಮರದ ಕೊರಡು. ಮನೆಯವರು ಏಳುವ ಮೊದಲೇ ಎದ್ದು ಬಿಸಿನೀರಿನ ಬೋಗುಣಿಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಮೈಸೂರಿನ ವೈದ್ಯರು ಸಂಧಿವಾತ ಎಂದಿದ್ದರು. "ಬೈಕು ಓಡಿಸ್ತೀರಾ? ಕ್ಲಚ್ ಹಿಡಿದೂ ಬಿಟ್ಟೂ ಮಾಡೋದು ಇನ್ನು ಬೇಡಮ್ಮ" ಎಂದಿದ್ದರು. ಆ ಚೀಟಿಯನ್ನು ಅವಳು ಸೀರೆಗಳ ಅಡಿಯಲ್ಲಿ ಇಟ್ಟಿದ್ದಳು. ಗಂಡ ಸುದರ್ಶನನಿಗೂ ಹೇಳಿರಲಿಲ್ಲ.

ಹೇಳದಿರಲು ಕಾರಣ ಅವಳ ಅಪ್ಪ ಶ್ರೀಕಂಠಯ್ಯ. ದೇವಸ್ಥಾನದ ಕಚೇರಿಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಅವರು ಶ್ರೀರಂಗಪಟ್ಟಣದಲ್ಲಿ ಮಗಳ ಬೀದಿಯಲ್ಲೇ ಕೊನೆಯ ಮನೆಯಲ್ಲಿದ್ದರು. ಹದಿನೆಂಟು ವರ್ಷದ ಹಿಂದೆ, ಕೆಲಸ ಸಿಕ್ಕ ಮಗಳು ಬೈಕು ತರುತ್ತೇನೆಂದಾಗ, "ಹೆಣ್ಣುಮಕ್ಕಳಿಗೆ ಸ್ಕೂಟ್ರೇ ಲಕ್ಷಣ. ಬೀದೀಲಿ ಕಾಲು ಅಗಲಿಸ್ಕೊಂಡು ಕೂತು ನಮ್ಮ ಮರ್ಯಾದೆ ಕಳೀಬೇಡ" ಎಂದಿದ್ದರು. ಅವಳು ಬೈಕನ್ನೇ ತಂದಳು. ಎರಡು ವರ್ಷ ಅಪ್ಪ ಮಗಳಿಗೆ ಮಾತಿರಲಿಲ್ಲ. ಆಮೇಲೆ ಮಾತು ಬಂತು, ಆ ಹಠ ಮಾತ್ರ ಇಬ್ಬರೂ ಬಿಡಲಿಲ್ಲ. ಈಗ ಸ್ಕೂಟರು ಹತ್ತುವುದೆಂದರೆ ಇಷ್ಟು ವರ್ಷ ತಾನು ಪಟ್ಟ ಹಠವೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ಅದಾಗಿ ಹತ್ತು ದಿನಕ್ಕೆ ಆಗಬಾರದ್ದು ಆಯಿತು.

ಮಗಳು ಸುಮೇಧಾ ಪಾಂಡವಪುರದಲ್ಲಿ ಪಿಯುಸಿ ಓದುತ್ತಿದ್ದಳು. ದಿನಾ ಬೆಳಗ್ಗೆ ಅಮ್ಮನ ಬೈಕಿನ ಹಿಂದೆ ಕೂತು ಹೋಗಿ ಕಾಲೇಜಿನ ಹತ್ತಿರ ಇಳಿಯುತ್ತಿದ್ದಳು. ಅಮ್ಮ ಅಲ್ಲಿಂದ ಕೆ.ಆರ್. ಪೇಟೆಗೆ ಮುಂದುವರಿಯುತ್ತಿದ್ದಳು. ಅವತ್ತು ಪಾಂಡವಪುರ ಇನ್ನೇನು ಬಂತು ಅನ್ನುವಾಗ ಮುಂದೆ ಕಬ್ಬು ತುಂಬಿದ ಟ್ರಾಕ್ಟರು ಹೋಗುತ್ತಿತ್ತು. ಟೀ ಅಂಗಡಿಯ ಎದುರಿನ ರಸ್ತೆಯುಬ್ಬಿಗೆ ಟ್ರಾಕ್ಟರು ನಿಧಾನವಾಯಿತು. ಅಪರ್ಣ ಕ್ಲಚ್ ಹಿಡಿಯಲು ಹೋದಳು. ಬೆರಳುಗಳು ಲಿವರಿನ ಮೇಲೆ ಕೂತವು, ಮಡಚಿಕೊಳ್ಳಲಿಲ್ಲ. ಬೈಕು ಮುನ್ನುಗ್ಗಿತು. ಕಬ್ಬಿನ ತುದಿಗಳು ಮುಖಕ್ಕೆ ಬಂದವು. ಗಾಬರಿಯಲ್ಲಿ ಮುಂದಿನ ಬ್ರೇಕು ಜಗ್ಗಿದಳು. ಗಾಡಿ ಎಡಕ್ಕೆ ಉರುಳಿತು, ಸುಮೇಧಾಳ ಮುಂಗೈ ಅದರ ಕೆಳಗೆ ಸಿಕ್ಕಿತು.

ಟೀ ಅಂಗಡಿಯಲ್ಲಿದ್ದವರು ಓಡಿಬಂದು ಎತ್ತಿದರು. ಹುಡುಗಿಯ ಕೈ ಸೊಟ್ಟಗೆ ತಿರುಗಿದ್ದು ನೋಡಿ ಯಾರೋ ಕೇಳಿದರು, "ಏನಾಯ್ತ್ರವ್ವ?"

"ಸೋಗೆ," ಎಂದಳು ಅಪರ್ಣ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂದದ್ದು ಅದು. "ಕಬ್ಬಿನ ಸೋಗೆ ಮೇಲೆ ಜಾರ್ತು."

ಅಷ್ಟು ಸಾಕಾಯಿತು. "ಲೇ, ಸರ್ಯಾಗ್ ಕಟ್ಟಕ್ಕಾಗಲ್ವೇನ್ಲಾ ನಿಂಗೆ? ದಾರೀನೆಲ್ಲ ಸೋಗೆ ಮಾಡ್ಕೊಂಡ್ ಒಯ್ತೀಯ!" ಎಂದು ಟ್ರಾಕ್ಟರಿನವನನ್ನು ಕೆಳಗೆ ಎಳೆದರು. ಇಪ್ಪತ್ತಾರು ಇಪ್ಪತ್ತೇಳರ ಯುವಕ. ಅವನು ಬಾಯಿ ತೆರೆಯುವಷ್ಟರಲ್ಲಿ ಕೆನ್ನೆಗೆ ಎರಡು ಬಿದ್ದವು. ಅವನು ಕೆನ್ನೆ ಹಿಡಿದುಕೊಂಡು ಅಪರ್ಣಳ ಕಡೆ ನೋಡಿದ. ಅಪರ್ಣ ಮಗಳ ಕಡೆ ತಿರುಗಿಕೊಂಡಳು.

ಮೂಳೆ ಎರಡು ಕಡೆ ಮುರಿದಿತ್ತು. ಮೊಣಕೈಯವರೆಗೆ ಪ್ಲಾಸ್ಟರ್ ಬಿತ್ತು. ಸುದರ್ಶನ ಕಬ್ಬು ಸಾಗಿಸುವವರನ್ನೆಲ್ಲ ಬೈದ. ಶ್ರೀಕಂಠಯ್ಯ ಮೊಮ್ಮಗಳ ತಲೆ ಸವರಿ, ಮಗಳ ಕಡೆ ನೋಡದೆ ಎದ್ದು ಹೋದರು.

ಮೂರನೇ ದಿನ ಸಂಜೆ ಮನೆಯ ಮುಂದೆ ಆ ದೊಡ್ಡ ಸ್ಕೂಟರು ಬಂದು ನಿಂತಿತು. ಪುಟ್ಟಸ್ವಾಮಿ ಸೀಟು ಎತ್ತಿ, ಅದರ ಹೊಟ್ಟೆಯಿಂದ ಆರು ಎಳನೀರು ತೆಗೆದುಕೊಂಡು ಒಳಗೆ ಬಂದ. ಕುರ್ಚಿ ತೋರಿಸಿದರೂ ತುದಿಯಲ್ಲಿ ಕೂತ.

"ಮೇಡಮ್ಮೋರೆ, ಎಂಗ್ ಯೋಳ್ಳಿ... ಆ ಟ್ರಾಕ್ಟ್ರು ಓಡುಸ್ತಿದ್ದೋನು ನಮ್ಮಣ್ಣನ ಮಗ ಸಂತೋಷ. ಅದ್ರಲ್ಲಿದ್ದದ್ದು ನನ್ ಕಬ್ಬೇಯ. ಬಿದ್ದೋರು ನೀವೂಂತ ನೆನ್ನೆ ಗೊತ್ತಾಯ್ತು. ನಮ್ ಕಡೆಯಿಂದ ತೆಪ್ಪಾಯ್ತು. ಕೂಸ್ಗೆ ಇಂಗಾಗೋಯ್ತಲ್ಲ ಅಂತ ನಮ್ಮನೆಯೋಳು ಚಿಕ್ಕಮ್ಮ ಅನ್ನ ಮುಟ್ಟಿಲ್ಲ." ಆತ ಸುಮೇಧಾಳಿಗೆ ಕೈ ಮುಗಿದ.

ಸುಮೇಧಾ ಎಳನೀರು ನೋಡಿದಳು, ಅಮ್ಮನನ್ನು ನೋಡಿದಳು. ಅಪರ್ಣ "ಪರವಾಗಿಲ್ಲ ಬಿಡಿ" ಎಂದಳು. ತನ್ನ ದನಿ ಯಾರದೋ ಅನ್ನಿಸಿತು. ಪುಟ್ಟಸ್ವಾಮಿ ಕಾಫಿಯನ್ನೂ ಕುಡಿಯದೆ ಹೋದ.

ಅವನ ಗಾಡಿಯ ಸದ್ದು ಬೀದಿ ತಿರುಗುವವರೆಗೂ ಸುಮೇಧಾ ಕಾದಳು. ಆಮೇಲೆ ಹೇಳಿದಳು, "ಸೋಗೆ ಇರಲಿಲ್ಲಮ್ಮ."

"ಹಂಗಂದ್ರೆ?"

"ನಿನ್ನ ಕೈ ಮುಚ್ಚಲೇ ಇಲ್ಲ. ನಾನು ಹಿಂದಿನಿಂದ ನೋಡ್ತಾನೇ ಇದ್ದೆ. ನೀನು ಬೆಳಗ್ಗೆ ಬಿಸಿನೀರಲ್ಲಿ ಕೈ ಇಟ್ಕೊಂಡು ಕೂರೋದೂ ನಂಗೆ ಗೊತ್ತು. ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಪಾಪ ಆ ಮನುಷ್ಯ ನಂಗೆ ಕೈ ಮುಗಿದ್ರಮ್ಮ!"

ಬೈದಿದ್ದರೆ ಅಪರ್ಣ ತಿರುಗಿ ಏನಾದರೂ ಅನ್ನಬಹುದಿತ್ತು. ಮಗಳು ಅಳುತ್ತಿದ್ದಳು.

ಮಾರನೆಯ ದಿನ ಅವಳು ಕಾಲೇಜಿಗೆ ರಜೆ ಹಾಕಿ ಬಸ್ಸು ಹಿಡಿದು ಕ್ಯಾತನಹಳ್ಳಿಗೆ ಹೋದಳು. ಪುಟ್ಟಸ್ವಾಮಿ ಕೊಟ್ಟಿಗೆಯ ಹತ್ತಿರ ಹಸುವಿಗೆ ಹುಲ್ಲು ಹಾಕುತ್ತಿದ್ದ. ಅವನ ಹೆಂಡತಿ ಚಿಕ್ಕಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು. ಅಪರ್ಣ ಕೂರಲಿಲ್ಲ. "ಸಂತೋಷನ್ನೂ ಕರೀರಿ" ಎಂದಳು. ಅವನು ಬಂದ ಮೇಲೆ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕೈ, ಚೀಟಿ, ಕ್ಲಚ್ಚು, ಸೋಗೆ.

ಪುಟ್ಟಸ್ವಾಮಿ ಕೈಯಲ್ಲಿ ಉಳಿದಿದ್ದ ಹುಲ್ಲನ್ನು ಹಸುವಿನ ಮುಂದೆ ಹಾಕಿ ಕೈ ಒರೆಸಿಕೊಂಡ.

"ಓದ್ದೋರು ನೀವು," ಎಂದ ಸಂತೋಷ. "ಅಷ್ಟ್ ಜನದ್ ಮುಂದೆ ನಂಗ್ ಹೊಡೀತಾವ್ರೆ, ಒಂದ್ ಮಾತ್ ಆಡಕ್ಕಾಗ್ನಿಲ್ವಾ ನಿಮ್ಗೆ? ಆ ದಾರೀಲಿ ದಿನಾ ಓಯ್ತೀನಿ ನಾನು. ದಿನಾ ಅಲ್ಲಿ ಕುಂತೋರು ನೋಡ್ತಾರೆ, ಮಗಿ ಕೈ ಮುರ್ದೋನು ಇವ್ನೇಯ ಅಂತ."

"ಲೇ, ಬುಡ್ಲಾ, ಮನೇತಂಕ ಬಂದವ್ರೆ," ಎಂದ ಪುಟ್ಟಸ್ವಾಮಿ.

"ಮನೇತಂಕ ಬಂದ್ರೆ ಏನ್ ಬಂತು ಚಿಕ್ಕಪ್ಪ? ಹೊಡ್ದದ್ದು ಮನೇಲಲ್ಲ. ಅಲ್ಲಿ ಯೋಳ್ಲಿ, ಟೀ ಅಂಗ್ಡೀಲಿ."

"ಹೇಳ್ತೀನಿ," ಎಂದಳು ಅಪರ್ಣ. "ಈಗಲೇ ಹೋಗೋಣ."

ಸಂತೋಷ ತನ್ನ ಬೈಕು ಹತ್ತಿ ಹೊರಟೇಬಿಟ್ಟ. ಪುಟ್ಟಸ್ವಾಮಿ ಸ್ಕೂಟರು ತೆಗೆದ, ಒಂದು ಗಳಿಗೆ ಅವಳ ಕೈಗಳನ್ನೇ ನೋಡಿದ, ಕೀಲಿಯನ್ನು ಅವಳ ಮುಂದೆ ಹಿಡಿದ.

"ನೀವೇ ಓಡ್ಸಿ. ನಾನ್ ಇಂದೆ ಕುಂತ್ಕತೀನಿ."

"ಬೇಡ ಅಣ್ಣ, ನನ್ನ ಕೈ..."

"ಅದ್ಕೇ ಯೋಳ್ತಾ ಇರಾದು. ಇದ್ರಲ್ಲಿ ಕ್ಲಚ್ಚಿಲ್ಲ, ಗೇರಿಲ್ಲ. ಬ್ರೇಕು ಎರಡ್ ಬೆಳ್ಳಲ್ಲಿ ಮುಟ್ಟುದ್ರೆ ನಿಂತ್ಕತದೆ. ಬೀಳ್ಸುದ್ರೆ ನಾನೂ ಜೊತೇಲೇ ಬೀಳ್ತೀನಿ, ಅದ್ಕೇನಂತೆ."

ಮೊದಲ ಫರ್ಲಾಂಗು ಅವಳ ಎಡಗಾಲು ಇಲ್ಲದ ಗೇರನ್ನು ಹುಡುಕುತ್ತಿತ್ತು. ಎಡಗೈ ಇಲ್ಲದ ಕ್ಲಚ್ಚಿಗೆ ಹೆದರುತ್ತಿತ್ತು. ಊರು ದಾಟಿ ನಾಲೆಯ ಪಕ್ಕದ ರಸ್ತೆಗೆ ಬಂದಾಗ ಅವಳು ಬಲಗೈಯನ್ನು ಸ್ವಲ್ಪ ತಿರುಗಿಸಿದಳು. ಅಷ್ಟು ದೊಡ್ಡ ಗಾಡಿ ತಡವರಿಸದೆ, ಜರ್ಕು ಹೊಡೆಯದೆ, ನೀರಿನಲ್ಲಿ ತೆಪ್ಪ ತಳ್ಳಿದ ಹಾಗೆ ಮುಂದೆ ಹೋಯಿತು. ಭಾರವೆಲ್ಲ ಕೆಳಗಿತ್ತು. ತಿರುವಿನಲ್ಲಿ ಮೈ ವಾಲಿಸಿದರೆ ತಾನೇ ವಾಲುತ್ತಿತ್ತು. ಗಾಜಿನ ಮರೆಯಲ್ಲಿ ಗಾಳಿ ಎದೆಗೆ ಗುದ್ದದೆ ಪಕ್ಕಕ್ಕೆ ಸರಿಯುತ್ತಿತ್ತು. ಎಂಬತ್ತು ಮುಟ್ಟಿದ್ದು ಅವಳಿಗೆ ಮುಳ್ಳು ನೋಡಿದಾಗಲೇ ಗೊತ್ತಾದದ್ದು. ಎಡಗೈಯ ಬೆರಳುಗಳು ಸುಮ್ಮನೆ ಹಿಡಿಯ ಮೇಲೆ ಮಲಗಿದ್ದವು. ಆರು ತಿಂಗಳಲ್ಲಿ ಮೊದಲ ಸಲ ಅವಳು ತನ್ನ ಕೈಯನ್ನು ಮರೆತು ರಸ್ತೆ ನೋಡಿದಳು.

ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು. ತಾನು ಹೋಗುತ್ತಿರುವುದು ಎಲ್ಲಿಗೆ, ಯಾತಕ್ಕೆ!

"ಎಂಗದೆ?" ಹಿಂದಿನಿಂದ ಪುಟ್ಟಸ್ವಾಮಿ ಕೂಗಿದ.

"ಚೆನ್ನಾಗಿದೆ ಅಣ್ಣ," ಎಂದಳು. "ಅವತ್ತು ನಾನು ಹಾಗೆ ನಗಬಾರದಿತ್ತು."

"ಅದ್ ಬುಡಿ. ರಸ್ತೆ ನೋಡ್ಕಂಡ್ ಓಡ್ಸಿ."

ಟೀ ಅಂಗಡಿಯಲ್ಲಿ ಏಳೆಂಟು ಜನರಿದ್ದರು. ಅವತ್ತು ಸಂತೋಷನ ಮೇಲೆ ಕೈ ಎತ್ತಿದವರಲ್ಲಿ ಇಬ್ಬರು ಅಲ್ಲೇ ಬೆಂಚಿನ ಮೇಲಿದ್ದರು. ದಿನಕ್ಕೆ ನಾಲ್ಕು ತರಗತಿ ತೆಗೆದುಕೊಳ್ಳುವ ಅಪರ್ಣಳಿಗೆ ಅಲ್ಲಿ ಮೊದಲ ಮಾತು ಹೊರಡಿಸುವುದೇ ಕಷ್ಟವಾಯಿತು. "ಅವತ್ತು ಇಲ್ಲಿ ಬಿದ್ದವಳು ನಾನು. ರಸ್ತೇಲಿ ಸೋಗೆ ಇರಲಿಲ್ಲ. ನನ್ನ ಕೈಯಲ್ಲಿ ಬಲ ಇಲ್ಲ, ಕ್ಲಚ್ ಹಿಡಿಯೋಕಾಗಲಿಲ್ಲ. ನಾನು ಸುಳ್ಳು ಹೇಳಿದೆ. ಸಂತೋಷಂದು ಏನೂ ತಪ್ಪಿಲ್ಲ."

ಅಂಗಡಿಯವನು ಟೀ ಸೋಸುವುದನ್ನು ನಿಲ್ಲಿಸಿದ. ಬೆಂಚಿನ ಮೇಲಿದ್ದ ಮುದುಕ ಶಿವಲಿಂಗಯ್ಯ, "ಅಲ್ಲಾ ಕಣವ್ವ, ನಿನ್ ಮಾತ್ ನಂಬ್ಕಂಡು ನಾವ್ ಅವುನ್ ಮೇಲೆ ಕೈ ಮಾಡುದ್ವಲ್ಲ" ಎಂದು ತಲೆ ತಗ್ಗಿಸಿದ. ಇನ್ನೊಬ್ಬ ಎದ್ದು ಹೊರಗೆ ಹೋಗಿ ಉಗುಳಿದ. ಯಾರಿಗೆ ಉಗುಳಿದನೋ ಅವಳು ಕೇಳಲಿಲ್ಲ.

ಸಂತೋಷ ಬೈಕಿನ ಮೇಲೆ ಕೂತೇ ಇದ್ದ. ಅವಳು ಹತ್ತಿರ ಹೋಗಿ, "ಕ್ಷಮಿಸಪ್ಪ" ಎಂದಳು.

"ಯೋಳುದ್ರಲ್ಲ, ಆಯ್ತು," ಎಂದ. ಮುಖದ ಬಿಗಿ ಇಳಿಯಲಿಲ್ಲ. ಕ್ಷಮಿಸಿದೆ ಅನ್ನಲಿಲ್ಲ. ಬೈಕು ತಿರುಗಿಸಿಕೊಂಡು ಊರ ಕಡೆ ಹೊರಟುಹೋದ.

ಅವತ್ತು ಸಂಜೆ ಅಪರ್ಣ ಸೀರೆಗಳ ಅಡಿಯಲ್ಲಿದ್ದ ಚೀಟಿಯನ್ನು ತೆಗೆದು ಸುದರ್ಶನನ ಕೈಗೆ ಕೊಟ್ಟಳು. ಅವನು ಅದನ್ನು ಮೂರು ಸಲ ಓದಿದ. "ನಂಗೂ ಹೇಳ್ಬಾರ್ದು ಅನ್ನಿಸ್ತಾ?" ಎಂದಷ್ಟೇ ಕೇಳಿದ. ನಾಲ್ಕು ದಿನ ಅವರಿಬ್ಬರ ನಡುವೆ ಅಗತ್ಯವಿದ್ದಷ್ಟು ಮಾತು ಮಾತ್ರ ನಡೆಯಿತು.

ತಿಂಗಳೊಪ್ಪತ್ತಿನಲ್ಲಿ ಬೈಕು ಕೊಟ್ಟು ಅವಳು ಅಂಥದೇ ಸ್ಕೂಟರು ತಂದಳು. ಮನೆಯ ಮುಂದೆ ನಿಲ್ಲಿಸುವುದೇ ತಡ, ಶ್ರೀಕಂಠಯ್ಯ ಮೇಲುವಸ್ತ್ರ ಹೊದ್ದುಕೊಂಡು ಬಂದರು. ಗಾಡಿಯ ಸುತ್ತ ಒಂದು ಸುತ್ತು ಹಾಕಿದರು. ಅವರ ಮುಖ ಅರಳಿತು.

"ಹದಿನೆಂಟು ವರ್ಷ ಬೇಕಾಯ್ತೇ ನಿಂಗೆ! ನಾನು ಆಗ್ಲೇ ಹೇಳಿರ್ಲಿಲ್ವೆ? ಯಶೋದಮ್ಮಾ, ಬನ್ನಿ ಇಲ್ಲಿ, ನಮ್ಮ ಅಪರ್ಣ ಕೊನೆಗೂ ಸ್ಕೂಟ್ರು ತಂದ್ಲು ನೋಡಿ!" ಎಂದು ಎದುರು ಮನೆಯವರನ್ನೂ ಕೂಗಿದರು.

ಸುಮೇಧಾ ಏನೋ ಹೇಳಲು ಹೊರಟಳು. ಅಪರ್ಣ ಅವಳನ್ನು ತಡೆದು, ತನ್ನ ಎರಡೂ ಕೈಗಳನ್ನು ಅಪ್ಪನ ಮುಂದೆ ಚಾಚಿದಳು. ಗೆಣ್ಣುಗಳು ಊದಿ ಕೆಂಪಗಿದ್ದವು.

"ನೀವು ಹೇಳಿದ್ರಿ ಅಂತ ತಂದಿದ್ದಲ್ಲಪ್ಪ. ಬೆರಳು ಮಡಚಕ್ಕಾಗಲ್ಲ, ಅದಕ್ಕೆ ತಂದೆ. ಓಡಿಸಿದ ಮೇಲೆ ಇಷ್ಟಾನೂ ಆಯ್ತು. ಅಷ್ಟೇ."

ಶ್ರೀಕಂಠಯ್ಯ ಆ ಬೆರಳುಗಳನ್ನು ಮುಟ್ಟಲೋ ಬೇಡವೋ ಎಂಬಂತೆ ನಿಂತರು. "ನಮ್ಮಮ್ಮನಿಗೂ ಹೀಗೇ ಇತ್ತು," ಎಂದರು. "ಸೌಟು ಹಿಡಿಯಕ್ಕಾಗಲ್ಲ ಅನ್ನೋಳು. ನಾವೆಲ್ಲ ಅವಳನ್ನ ಸೋಮಾರಿ ಅಂತಿದ್ವಿ." ಯಶೋದಮ್ಮ ಬಾಗಿಲಿಗೆ ಬಂದು "ಏನು ರಾಯರೆ, ಕರೆದ್ರಲ್ಲ?" ಎನ್ನುವಾಗ ಶ್ರೀಕಂಠಯ್ಯ ಆಗಲೇ ತಮ್ಮ ಮನೆಯ ಕಡೆ ನಡೆದಿದ್ದರು.

ಆ ತಿಂಗಳ ಭಾನುವಾರದ ತಂಡದಲ್ಲಿ ಮೊದಲು ಗೇಲಿ ನಡೆಯಿತು. ಆಮೇಲೆ ನಾಗಮಂಗಲದ ಹೋಟೆಲಿನ ಎದುರು ಇಬ್ಬರು ಅವಳ ಸ್ಕೂಟರಿನ ಕೀಲಿ ಕೇಳಿ ತೆಗೆದುಕೊಂಡು ಹೋದರು, ಅರ್ಧ ಗಂಟೆ ಪತ್ತೆಯಿರಲಿಲ್ಲ. ಬಂದವರು ಪುಟ್ಟಸ್ವಾಮಿಯನ್ನು ಪಕ್ಕಕ್ಕೆ ಕರೆದು ಮೈಲೇಜು ಎಷ್ಟು, ಸರ್ವೀಸು ಎಲ್ಲಿ ಎಂದು ವಿಚಾರಿಸತೊಡಗಿದರು. ಅಪರ್ಣ ನಗಲಿಲ್ಲ. ಅವರಲ್ಲೊಬ್ಬ ಹತ್ತುವಾಗ ಸೊಂಟ ಹಿಡಿದುಕೊಂಡಿದ್ದನ್ನು ಅವಳು ನೋಡಿದ್ದಳು.

ಸುಮೇಧಾಳ ಪ್ಲಾಸ್ಟರ್ ತೆಗೆದ ಮರುದಿನ ಕಾಲೇಜಿತ್ತು. ಅಪರ್ಣ ಹಿಂದಿನ ಸೀಟು ಒರೆಸಿ, ಇನ್ನೊಂದು ಹೆಲ್ಮೆಟ್ಟನ್ನು ಹಿಡಿದುಕೊಂಡು ಕಾದಳು. ಸುಮೇಧಾ ಹೊರಗೆ ಬಂದು ಸೀಟಿನ ಮೇಲೆ ಕೈಯಿಟ್ಟಳು. ಬೆಳ್ಳಗೆ ಸಣ್ಣಗಾಗಿದ್ದ ಕೈ. ಹತ್ತಲಿಲ್ಲ.

"ಇವತ್ತು ಬೇಡಮ್ಮ," ಎಂದಳು. "ಬಸ್ಸಲ್ಲಿ ಬರ್ತೀನಿ. ಬ್ಯಾಗ್ ಮಾತ್ರ ನೀನು ತಗೊಂಡು ಹೋಗು, ಕೈ ಇನ್ನೂ ಭಾರ ಎತ್ತಲ್ಲ."

ಅಪರ್ಣ ಸೀಟು ಎತ್ತಿ ಬ್ಯಾಗನ್ನು ಒಳಗಿಟ್ಟಳು. ಪಾಂಡವಪುರದವರೆಗೆ ನಲವತ್ತರ ಮೇಲೆ ಹೋಗಲಿಲ್ಲ. ಕಾಲೇಜಿನ ಗೇಟಿನ ಪಕ್ಕ ಗಾಡಿ ನಿಲ್ಲಿಸಿ, ಮೊದಲ ತರಗತಿಗೆ ತಡವಾಗುವುದೆಂದು ಕೆ.ಆರ್. ಪೇಟೆಗೆ ಫೋನು ಮಾಡಿ, ಮಗಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಬರುವ ದಾರಿ ನೋಡುತ್ತ ಕೂತಳು.