ಜೋಡಿ ಕುರ್ಚಿ ಸರ್

“ಆ ಕುರ್ಚಿಗಳನ್ನ ತಿರುಗಿಸ್ರಪ್ಪಾ, ಬೇಗ!” ಎನ್ನುತ್ತಾ ಅತ್ತೆ ಸಭಾಂಗಣದೊಳಕ್ಕೆ ನುಗ್ಗಿದರು. ಅವರ ಹಿಂದೆಯೇ ಹೂವಿನ ಬುಟ್ಟಿ ಹಿಡಿದು ಬಂದ ಗುಮ್ಮಿ ಬಾಗಿಲಲ್ಲೇ ನಿಂತುಬಿಟ್ಟಳು. ವೇದಿಕೆಯ ಮುಂದೆ ಸೋದರಮಾವನ ಶವವಿದ್ದ ಗಾಜಿನ ಪೆಟ್ಟಿಗೆ ಇತ್ತು. ಆದರೆ ಒಂದೇ ಒಂದು ಕುರ್ಚಿ ಅದರ ಕಡೆಗೆ ಮುಖ ಮಾಡಿರಲಿಲ್ಲ. ಅಷ್ಟೂ ಕುರ್ಚಿಗಳನ್ನು ಎರಡೆರಡಾಗಿ, ಎದುರುಬದುರಾಗಿ ಹಾಕಿದ್ದರು.

ಸಭಾಂಗಣದ ಕೆಲಸದವರಿಬ್ಬರು ತಲೆ ಕೆರೆದುಕೊಂಡರು.

“ತಪ್ಪಾಯ್ತಮ್ಮಾ. ಫೋನ್ ಮಾಡಿ ‘ಸಾಹೇಬರದ್ದು, ಕುರ್ಚಿ ಹಾಕಿ’ ಅಂದ್ರು. ಸಾಹೇಬರದ್ದು ಅಂದ್ರೆ ಕೈ ತಾನಾಗೇ ಹೀಗೆ ಹಾಕಿಬಿಡುತ್ತೆ.”

“ನಿಮ್ಮ ಸಾಹೇಬರು ಅಲ್ಲಿ ಮಲಗಿದ್ದಾರಲ್ರಪ್ಪಾ!” ಅತ್ತೆ ಪೆಟ್ಟಿಗೆಯ ಕಡೆ ಕೈ ತೋರಿಸಿದರು.

ತಿರುಗಿಸುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಜನ ಆಗಲೇ ಬಾಗಿಲಲ್ಲಿ ನೂಕಾಡುತ್ತಿದ್ದರು. ಇತಿಹಾಸ, ಸಾಹಿತ್ಯ, ತತ್ತ್ವಶಾಸ್ತ್ರ ಓದುವ ಮಕ್ಕಳಿಗೆ ಉಪನ್ಯಾಸ, ಚರ್ಚೆ, ಕವಿಗೋಷ್ಠಿ ಏರ್ಪಡಿಸುವುದು, ಓದು ಮುಗಿದವರಿಗೆ ಕೆಲಸದ ದಾರಿ ತೋರಿಸುವುದು, ಇದು ವಿಶ್ವವಿದ್ಯಾಲಯದಲ್ಲಿ ಮಾವನ ಕೆಲಸವಾಗಿತ್ತು. ಅವರ ಸ್ವಂತ ಹೆಸರು ಬಲ್ಲವರು ಕಡಿಮೆ. ಎಲ್ಲರ ಬಾಯಲ್ಲೂ ಅವರು ಜೋಡಿ ಕುರ್ಚಿ ಸರ್. ಇವತ್ತು ಮಧ್ಯಾಹ್ನ ಇಲ್ಲೇ ಅವರ ಉದ್ಯೋಗ ಮೇಳ ನಡೆಯಬೇಕಿತ್ತು. ಮೊನ್ನೆ ಹಲ್ಲುಜ್ಜುತ್ತಾ ಕುಸಿದ ಮನುಷ್ಯ ಮತ್ತೆ ಏಳಲಿಲ್ಲ. ಮೇಳವನ್ನು ರದ್ದು ಮಾಡಿದರು. ಆದರೆ ಮೇಳಕ್ಕೆಂದು ಹೊರಟಿದ್ದ ಪ್ರಕಾಶಕರು, ಪತ್ರಿಕೆಯವರು, ರೇಡಿಯೊದವರು ಎಲ್ಲರೂ ನೆಟ್ಟಗೆ ಇಲ್ಲಿಗೇ ಬಂದರು. ಅವರ ಬೆನ್ನಿಗೆ ಫೈಲು ಹಿಡಿದ ವಿದ್ಯಾರ್ಥಿಗಳ ದಂಡು.

ಗುಮ್ಮಿಗೂ ಇವತ್ತು ಸಂದರ್ಶನವಿತ್ತು. ವಸ್ತುಸಂಗ್ರಹಾಲಯದಲ್ಲಿ ಬಂದವರಿಗೆ ಒಂದೊಂದು ವಸ್ತುವಿನ ಕತೆ ಹೇಳುವ ಕೆಲಸ. ಇತಿಹಾಸ ಓದಿದ ಅವಳು ಆಸೆಪಟ್ಟಿದ್ದು ಅದೊಂದಕ್ಕೇ. ಇದೂ ಕೈತಪ್ಪಿದರೆ ಅಪ್ಪ ಹೇಳಿದ ಹಾಗೆ ಲೆಕ್ಕಪತ್ರದ ಕೋರ್ಸಿಗೆ ಸೇರಬೇಕು. ಆದರೆ ಹೊಸಬರ ಮುಂದೆ ಅವಳ ನಾಲಿಗೆ ಏಳುತ್ತಲೇ ಇರಲಿಲ್ಲ. ಗುಮ್ಮನಗುಸಕಿ ಎಂದು ಮಾವ ಕರೆದು ಕರೆದೇ ಅವಳು ಗುಮ್ಮಿಯಾಗಿದ್ದಳು.

*

ಕಳೆದ ವರ್ಷದ ಮೇಳದಲ್ಲಿ ಪತ್ರಿಕೆಯ ಸಂಪಾದಕರೆದುರು ಅವಳು ಪಿಟಕ್ಕೆನ್ನದೆ ಕೂತು, ಎದ್ದು ಓಡಿಹೋಗಿದ್ದಳು. ಹಿಂದಿನ ಮೆಟ್ಟಿಲ ಮೇಲೆ ಅಳುತ್ತಿದ್ದವಳನ್ನು ಮಾವ ಹುಡುಕಿಕೊಂಡು ಬಂದರು.

“ನನ್ನ ಮೊದಲ ಸಂದರ್ಶನದಲ್ಲಿ ಉದ್ದನೆಯ ಮೇಜು ಕಣೆ. ಆಚೆ ಕಡೆ ಸೂಟು ಹಾಕಿದವರ ಸಾಲು. ‘ತತ್ತ್ವಶಾಸ್ತ್ರ ಓದಿ ಏನ್ ಮಾಡ್ತೀಯಪ್ಪಾ’ ಅಂದ್ರು. ನಾನು ನೀರು ಕೇಳಿದೆ.”

“ಆಮೇಲೆ?”

“ನೀರು ಕೊಟ್ರು. ಕೆಲಸ ಕೊಡಲಿಲ್ಲ.” ಅವಳು ಅಳುತ್ತಲೇ ನಕ್ಕಳು. “ಈ ಕಚೇರಿಗೆ ಸೇರಿದ ದಿನವೇ ಮೇಜುಗಳನ್ನೆಲ್ಲ ಉಗ್ರಾಣಕ್ಕೆ ಹಾಕಿಸಿ, ಎದುರುಬದುರು ಜೋಡಿ ಕುರ್ಚಿ ಇಡಿಸಿದೆ. ಎದುರಿಗೆ ಕೂತವನಿಗೂ ಪುಕುಪುಕು ಇರುತ್ತೆ ಗುಮ್ಮಿ, ಒಳ್ಳೆಯವರು ಸಿಗದೇ ಹೋದ್ರೆ ಅಂತ. ಮೇಜು ಅದನ್ನ ಮುಚ್ಚಿಡುತ್ತೆ.”

*

ಮೊದಮೊದಲು ಜನ ಮುಜುಗರದಿಂದಲೇ ಕೂತರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಅಪರಿಚಿತರೊಬ್ಬರು ಕೂತಿರುವಾಗ ಎಷ್ಟು ಹೊತ್ತು ಸುಮ್ಮನಿರಲಾಗುತ್ತದೆ? “ನಿಮಗೆ ಸರ್ ಹೇಗೆ ಗೊತ್ತು?” ಎಂದು ಒಬ್ಬರು ಬಾಯಿ ಬಿಟ್ಟರು. ಆ ಮೂಲೆಯಲ್ಲಿ ಇನ್ನೊಬ್ಬರು. ನೋಡನೋಡುತ್ತ ಸಭಾಂಗಣ ಮದುವೆ ಮನೆಯ ಹಾಗೆ ಗಿಜಿಗುಡತೊಡಗಿತು. ರೇಡಿಯೊದವರು ಅಳುತ್ತಿದ್ದ ಹುಡುಗನೊಬ್ಬನ ದನಿ ಕೇಳಿ, “ನಿನ್ನ ಗಂಟಲು ಚೆನ್ನಾಗಿದೆ, ಮೈಕಿನ ಮುಂದೆ ಎಲ್ಲಾದರೂ ಓದಿದ್ದೀಯಾ?” ಎಂದೇ ಬಿಟ್ಟರು.

ಗುಮ್ಮಿಯ ಎದುರು ದಪ್ಪ ಕನ್ನಡಕದ ಹೆಂಗಸೊಬ್ಬರು ಬಂದು ಕೂತರು.

“ನೀವು ಅವರಿಗೆ ಏನಾಗ್ಬೇಕು?”

“ತಂಗಿಯ ಮಗಳು.”

“ಹೇಗಿದ್ರು ಮನುಷ್ಯ? ನಾನು ಕಾರ್ಯಕ್ರಮಗಳಲ್ಲಿ ನೋಡಿದ್ದು ಅಷ್ಟೇ.”

ಗುಮ್ಮಿ ಪೆಟ್ಟಿಗೆಯ ಕಡೆ ನೋಡಿದಳು. ಗಾಜಿನೊಳಗೆ ಮಾವನ ಕಾಲಿಗೆ ತೊಡಿಸಿದ್ದ ಅವರ ಹಳೆಯ ಬೂಟುಗಳು ಕಂಡವು.

“ಆ ಬೂಟು ನೋಡಿ. ಎಡಗಡೆಯದರ ಹಿಮ್ಮಡಿ ಮಾತ್ರ ಸವೆದಿದೆ. ಯಾವ ಭಾಷಣ ಆದ್ರೂ ಮಾವ ಗೋಡೆಗೆ ಒರಗಿ ಎಡಗಾಲ ಮೇಲೇ ನಿಂತು ಕೇಳ್ತಿದ್ರು. ಕೂತ್ಕೊಳ್ಳಿ ಅಂದ್ರೆ, ‘ನಾನು ಕೂತ್ರೆ ಒಬ್ಬ ಹುಡುಗನ ಜಾಗ ಹೋಗುತ್ತೆ’ ಅನ್ನೋರು. ಊರಿಗೆಲ್ಲ ಕುರ್ಚಿ ಹಾಕಿಸಿದವರು, ತಾವು ಮಾತ್ರ ಕೂರಲೇ ಇಲ್ಲ. ಲೇಸು ನೋಡಿ, ಬೇರೆ ಬೇರೆ ಬಣ್ಣ. ಒಂದು ಸಲ ಭಾಷಣಕಾರರ ಲೇಸು ವೇದಿಕೆ ಹತ್ತೋ ಹೊತ್ತಿಗೆ ಕಿತ್ತುಹೋಯ್ತು…”

ಮಾತು ಮಾತನ್ನು ಎಳೆದುಕೊಂಡು ಬಂತು. ಪಕ್ಕದ ಜೋಡಿಯವರೂ ಕತ್ತು ತಿರುಗಿಸಿದರು. ಬೆನ್ನ ಹಿಂದೆ ಅತ್ತೆ ಬಂದು ನಿಂತದ್ದು ಅವಳಿಗೆ ಗೊತ್ತೇ ಆಗಲಿಲ್ಲ.

“ಮನೆಗೆ ಬಂದು ‘ಕಾಲು ಒತ್ತೇ’ ಅಂತಿದ್ದದ್ದು ಇದಕ್ಕೇನಾ!” ಎಂದರು ಅತ್ತೆ. “ನಾನು ವಯಸ್ಸಾಯ್ತು ಅಂದ್ಕೊಂಡಿದ್ದೆ.” ಬಯ್ಯುತ್ತಿದ್ದಾರೋ ನಗುತ್ತಿದ್ದಾರೋ ಅವರಿಗೇ ತಿಳಿಯದೆ ಸೆರಗಿನಿಂದ ಮೂಗು ಒರೆಸಿಕೊಂಡರು. ಕುರ್ಚಿ ತಿರುಗಿಸುವ ಮಾತನ್ನು ಆಮೇಲೆ ಅವರು ಎತ್ತಲಿಲ್ಲ.

ಕನ್ನಡಕದ ಹೆಂಗಸು ಗುಮ್ಮಿಯನ್ನೇ ದಿಟ್ಟಿಸಿ ನೋಡಿದರು. “ಅರ್ಜಿಯಲ್ಲಿ ನಿಮ್ಮ ಫೋಟೊ ನೋಡಿದ್ದೆ. ಮಧ್ಯಾಹ್ನ ನೀವು ನನ್ನ ಹತ್ರಾನೇ ಬರಬೇಕಿತ್ತು ಅಲ್ವಾ? ನಾನು ಸಂಗ್ರಹಾಲಯದವಳು.”

ಗುಮ್ಮಿಯ ನಾಲಿಗೆ ಹಳೆಯ ಚಾಳಿಯಂತೆ ಅಂಟಿಕೊಳ್ಳಲು ಹೊರಟಿತು. ಆದರೆ ಎದುರು ಕೂತವರ ಬೆರಳುಗಳೂ ಕೈಚೀಲದ ಪಟ್ಟಿಯನ್ನು ಸುಮ್ಮನೆ ತಿರುಚುತ್ತಿರುವುದು ಅವಳ ಕಣ್ಣಿಗೆ ಬಿತ್ತು.

“ಹೌದು ಮೇಡಂ,” ಎಂದಳು. “ಲೇಸಿನ ಕತೆ ಇನ್ನೂ ಅರ್ಧ ಇದೆ. ಹೇಳಲಾ?”

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟರು. “ಹೇಳಿ, ಪೂರ್ತಿ ಹೇಳಿ. ಸೋಮವಾರ ನಮ್ಮಲ್ಲಿಗೆ ಶಾಲೆ ಮಕ್ಕಳ ಗುಂಪು ಬರುತ್ತೆ. ಅವರನ್ನ ನೀವೇ ಕರ್ಕೊಂಡು ಹೋಗಿ. ಮಕ್ಕಳು ಆಕಳಿಸದೇ ಇದ್ರೆ ಕೆಲಸ ನಿಮ್ಮದೇ.”

ಗುಮ್ಮಿಗೆ ಕುಣಿಯಬೇಕೆನ್ನಿಸಿತು. ಆದರೆ ಯಾರಿಗೆ ಮೊದಲು ಹೇಳಬೇಕಿತ್ತೋ ಅವರು ಪೆಟ್ಟಿಗೆಯಲ್ಲಿದ್ದರು. ಖುಷಿ, ದುಃಖ ಎರಡೂ ಒಟ್ಟಿಗೆ ಒತ್ತರಿಸಿ ಬಂದು ಅವಳು ಬಿಕ್ಕಿದಳು. ಬಿಕ್ಕುತ್ತಲೇ ಲೇಸಿನ ಕತೆ ಮುಗಿಸಿದಳು.

ಶವವಾಹನದಲ್ಲಿ ಮುಂದಿನ ಸೀಟು ಗುಮ್ಮಿಗೆ ಸಿಕ್ಕಿತು. ಹಿಂದೆ ಪೆಟ್ಟಿಗೆಯ ಪಕ್ಕ ಅತ್ತೆ. ಗಾಡಿ ವಿಶ್ವವಿದ್ಯಾಲಯದ ಗೇಟು ದಾಟಿತು. ಚಾಲಕ ಮಾತಾಡಬಾರದೆಂದು ಕಲಿತವನಂತೆ ರಸ್ತೆಯನ್ನಷ್ಟೇ ನೋಡುತ್ತಿದ್ದ. ಗುಮ್ಮಿ ಅವನತ್ತ ಪೂರ್ತಿ ತಿರುಗಿ ಕೂತಳು.

“ಅಣ್ಣಾ, ನೀವು ಈ ಕೆಲಸಕ್ಕೆ ಹೇಗೆ ಬಂದ್ರಿ?”

ಅವನು ಬೆಚ್ಚಿ ಅವಳನ್ನು ನೋಡಿದ. ಕನ್ನಡಿಯಲ್ಲಿ ಅತ್ತೆಯನ್ನೂ ನೋಡಿದ. ಅತ್ತೆ ಕಣ್ಣೊರೆಸಿಕೊಂಡು, ಕೇಳಿಸಿಕೊಳ್ಳಲು ಮುಂದಕ್ಕೆ ಬಾಗಿದ್ದರು.

“ಅದೊಂದು ದೊಡ್ಡ ಕತೆ ಕಣಮ್ಮಾ,” ಎಂದು ಅವನು ಗೇರು ಇಳಿಸಿದ. ಹಿಂದೆ ಬರುತ್ತಿದ್ದ ಕಾರುಗಳು, ಬೈಕುಗಳು, ವಿದ್ಯಾರ್ಥಿಗಳು ತುಂಬಿದ ಬಸ್ಸು, ಎಲ್ಲವೂ ಒಂದೊಂದಾಗಿ ನಿಧಾನವಾದವು.