ಇಡೀ ಕಿಣ್ವದ ಸಾಲು

ಸತ್ತೂರಿನ ಪ್ರಯೋಗಾಲಯವೊಂದರಲ್ಲಿ ವೃಂದಾ ಎರಡು ವರ್ಷದಿಂದ ಒಂದೇ ಔಷಧದ ಬೆನ್ನು ಹತ್ತಿದ್ದಳು. ಕ್ಯಾನ್ಸರ್ ಜೀವಕೋಶದೊಳಗೆ ಜೋಡಿಯಾಗುವ ಎರಡು ಪ್ರೋಟೀನುಗಳನ್ನು ಅದು ಬಿಡಿಸಬೇಕಿತ್ತು. ಬೆಳಕು ಕೊಡುವ ಕಿಣ್ವವನ್ನು ಎರಡು ತುಂಡು ಮಾಡಿ, ಒಂದೊಂದು ಪ್ರೋಟೀನಿಗೆ ಒಂದೊಂದು ತುಂಡು ಅಂಟಿಸಿದ್ದಳು. ಜೋಡಿ ಕೂಡಿದರೆ ಜೀವಕೋಶ ಮಿನುಗುತ್ತದೆ, ಬಿಟ್ಟರೆ ಮಂಕಾಗುತ್ತದೆ. ಇಂದು ಬೆಳಿಗ್ಗೆ ಔಷಧ ಹಾಕಿದಾಗ ಮಂಕಾಗಿತ್ತು.

ಗೈಡ್ ಪಂಢರಿನಾಥ ಸರ್ ಆಗಲೇ ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶ ಬರೆದಿಟ್ಟಿದ್ದರು. ಸಂಜೆ ಐದಕ್ಕೆ ಗಡುವು.

"ಸರ್, ತುಂಡು ಮಾಡದ ಇಡೀ ಕಿಣ್ವಕ್ಕೂ ಔಷಧ ಹಾಕಿ ನೋಡ್ತೇನ್ರಿ. ಅದೂ ಮಂಕಾದ್ರ ಔಷಧ ಜೋಡಿ ಬಿಡಿಸಿಲ್ಲ, ಬರೇ ದೀಪ ಆರಿಸ್ಯದ ಅಂತ ಅರ್ಥ."

"ನಿನ್ನ ಅನುಮಾನಕ್ಕ ಔಷಧ ಇಲ್ಲ ನೋಡವಾ. ಲಗೂ ಮುಗಸು."

ಇಡೀ ಕಿಣ್ವವಿದ್ದ ಜೀವಕೋಶಗಳಿಗೆ ಔಷಧ ಹಾಕಿ ಎರಡು ತಾಸು ಕಾದು, ಬೆಳಕು ಹುಟ್ಟಿಸುವ ದ್ರಾವಣ ಬೆರೆಸಿ, ತಟ್ಟೆಯನ್ನು ಅಳೆಯುವ ಯಂತ್ರದೊಳಗೆ ಇಟ್ಟಾಗ ನಾಲ್ಕೂವರೆ. ಪರದೆಯ ಮೇಲೆ ಅಂಕಿಗಳು ಸಾಲುಸಾಲಾಗಿ ಮೂಡಿದವು. ಔಷಧವಿಲ್ಲದ ಸಾಲು ಎಂಬತ್ತು ಸಾವಿರ. ಔಷಧದ ಸಾಲು ಮೂವತ್ತು ಸಾವಿರ. ಇನ್ನೊಮ್ಮೆ ಓದಿಸಿದಳು. ಅಷ್ಟೇ ಅಂತರ.

"ಏನ್ ಬಂತು?" ಸರ್ ಕೈ ಮೌಸ್ ಮೇಲೆಯೇ ಇತ್ತು.

ಸರಿ ಬಂತು ಎಂದುಬಿಟ್ಟರೆ ಯಾರಿಗೂ ಗೊತ್ತಾಗುವಂತಿರಲಿಲ್ಲ.

"ಕಳಸಬ್ಯಾಡ್ರಿ ಸರ್. ದೀಪಾನ ಆರಸಾಕತ್ತದ."

ಸರ್ ಗಡಿಯಾರ ನೋಡಿದರು. ಆಮೇಲೆ ಸಾರಾಂಶವನ್ನು ಕಳಿಸದೆ ಮುಚ್ಚಿದರು.

"ಊಟ ಮಾಡೀಯೇನು?"

"ಇಲ್ರಿ."

"ಮೊದಲ ಉಂಡು ಬಾ. ಮುಂದಿನ ಔಷಧಕ್ಕ ಈ ಇಡೀ ಕಿಣ್ವದ ಸಾಲು ಮೊದಲ ದಿನಾನ ಹಚ್ಚೋಣು."